ಹತ್ತು ವರ್ಷದ ಗೌರವಾನ್ವಿತ ಗ್ರಾಹಕ

ಕುಶಾಲನಗರದ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಶಿರಂಗಾಲದ ಅಶ್ವಥ್. ಮೂವತ್ತೆಂಟು ವರ್ಷ, ಸಾಧು ಪ್ರಾಣಿ. ಪಕ್ಕದ ಮೇಜಿನಲ್ಲಿ ನಾನು ಲಾರಿಗಳ ಬಿಲ್ ಮಾಡುತ್ತೇನೆ. ಅವನ ಪರವಾಗಿ ಸಿಟ್ಟು ಮಾಡಿಕೊಳ್ಳುವ ಹೆಚ್ಚುವರಿ ಕೆಲಸವೂ ನನ್ನದೇ.

ಆಫೀಸಿನ ಮೂಲೆಯಲ್ಲಿ ಫೈರ್‌ವಾಲ್ ಎಂಬ ಪೆಟ್ಟಿಗೆಯಿದೆ. ಇಂಟರ್ನೆಟ್ ದಾರಿಯಲ್ಲಿ ಕಳ್ಳರು ನುಗ್ಗದಂತೆ ಕಾಯುವುದು ಅದರ ಕೆಲಸ. ಕಾಯುತ್ತದೆ, ಸುಳ್ಳು ಹೇಳಬಾರದು. ಆದರೆ ಕರೆಂಟ್ ಹೋಗಿ ಬಂದರೆ ಅದಕ್ಕೆ ತಾರೀಕು ಮರೆತುಹೋಗುತ್ತದೆ. ಇದು 1970ನೇ ಇಸವಿ, ತನ್ನ ಲೈಸೆನ್ಸ್ ಇನ್ನೂ ಶುರುವೇ ಆಗಿಲ್ಲ ಎಂದು ತೀರ್ಮಾನಿಸಿ ಕಳ್ಳರ ಜೊತೆ ನಮ್ಮನ್ನೂ ಹೊರಗೆ ನಿಲ್ಲಿಸುತ್ತದೆ. ಬಿಲ್ ಆಗದೆ ಲಾರಿಗಳು ಗೇಟಿನಲ್ಲೇ ನಿಲ್ಲುತ್ತವೆ. ಯಾರಾದರೂ ಪೆಟ್ಟಿಗೆಯ ಎದುರೇ ಕೂತು ತಾರೀಕು ತಿದ್ದಬೇಕು. ಯಾರಾದರೂ ಎಂದರೆ ಅಶ್ವಥ್.

ಪೆಟ್ಟಿಗೆ ಮಾರಿದ ಕಂಪನಿಗೆ ಅವನು ದೂರು ಕೊಟ್ಟು ಏಳು ವರ್ಷವಾಯಿತು. ಪ್ರತಿ ಜೂನ್‌ನಲ್ಲೂ ಯಾರೋ ಹೊಸ ಇಂಜಿನಿಯರ್ ಮೊದಲಿನಿಂದ ಎಲ್ಲ ಕೇಳಿ, ಕೊನೆಗೆ 'ವಿದ್ಯುತ್ ನಿಲುಗಡೆ ಆಗದಂತೆ ನೋಡಿಕೊಳ್ಳಿ' ಎಂದು ಬರೆಯುತ್ತಾನೆ. ಕೊಡಗಿನ ಮಳೆಗಾಲದಲ್ಲಿ! ಈ ಸಲಹೆಯನ್ನು ತಂತಿಯ ಮೇಲೆ ಬೀಳುವ ಮರಗಳಿಗೆ ಓದಿ ಹೇಳಬೇಕಿತ್ತು, ಅಶ್ವಥ್‌ಗೆ ಪುರಸೊತ್ತಾಗಲಿಲ್ಲ. ದೂರು ಹಾಗೇ ಉಳಿಯಿತು. ಪೆಟ್ಟಿಗೆ ಕೊಂಡು ಹತ್ತು ವರ್ಷ ತುಂಬಿದ್ದಕ್ಕೆ 'ಗೌರವಾನ್ವಿತ ಗ್ರಾಹಕ' ಎಂಬ ಗಾಜಿನ ಫಲಕ ಮಾತ್ರ ಹೇಳಿದ ದಿನಕ್ಕೇ ಬಂತು.

ಅವನ ಹೆಂಡತಿ ಶ್ವೇತ ದೂರದ ಕೇರಳ ಗಡಿಯ ಮಾಕುಟ್ಟದಲ್ಲಿ ಶಾಲೆಯ ಟೀಚರ್. ಆರು ವರ್ಷದ ಮಗಳು ಮಾನಸ ಅಮ್ಮನ ಜೊತೆಗಿದ್ದಾಳೆ. ಭಾನುವಾರ ಮಾತ್ರ ಅಪ್ಪ ಸಿಗುವುದು. ಮಳೆ ಹಿಡಿದರೆ ಅದೂ ಇಲ್ಲ.

"ಮಳೆಯಲ್ಲಿ ಮಾಕುಟ್ಟಕ್ಕೆ ಹೋಗ್ಬೇಡ ಮಾರಾಯ, ಅಲ್ಲಿ ಫೋನೇ ಸಿಗೋದಿಲ್ಲ. ಇಲ್ಲಿ ಲೋಡಿಂಗ್ ನಿಂತ್ರೆ ನಾನು ಏನ್ ಮಾಡ್ಲಿ?" ಎನ್ನುತ್ತಾರೆ ಮ್ಯಾನೇಜರ್ ನಾಣಯ್ಯ. ಹೀಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಗುವಿನ ಅಪ್ಪ ನಮ್ಮ ಪೆಟ್ಟಿಗೆಯ ಪಾಲು.

ಈ ಜುಲೈನಲ್ಲಿ ಕಂಪನಿಯ ಸಿದ್ಧಾರ್ಥ ಫೋನ್ ಮಾಡಿದ. ಗೌರವಾನ್ವಿತ ಗ್ರಾಹಕರು ಕಂಪನಿಯನ್ನು ಹೊಗಳಿ ಎರಡು ನಿಮಿಷದ ವಿಡಿಯೋ ಕಳಿಸಬೇಕಂತೆ.

"ನನ್ನ ದೂರು ಏನಾಯ್ತು ಸಾರ್?" ಎಂದ ಅಶ್ವಥ್.

"ನೆಕ್ಸ್ಟ್ ವರ್ಷನ್‌ನಲ್ಲಿ ಖಂಡಿತ ಸಾರ್."

ಅಶ್ವಥ್ ಫೋನ್ ಇಟ್ಟು, ಆಫೀಸ್ ಗುಡಿಸುತ್ತಿದ್ದ ಕಾಮಾಕ್ಷಮ್ಮನನ್ನು ಕರೆದ. ಆಕೆಯ ಮನೆ ಗೇಟಿನ ಎದುರೇ ಇದೆ. ಒಂದು ವಾರ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಕಲಿಸಿದ.

"ಕರೆಂಟ್ ಬಂದಾಗ ಅವತ್ತಿನ ತಾರೀಕು ಹಾಕದು, ಅಷ್ಟೇ ತಾನೆ? ಇದ್ಕೆ ಏಳು ವರ್ಷ ಬೇಕಾಯ್ತಾ ನಿಮ್ಗೆ?" ಎಂದಳು ಆಕೆ.

ಶನಿವಾರ ನಾಣಯ್ಯನವರ ಎದುರಲ್ಲೇ ಅಶ್ವಥ್ ಪೆಟ್ಟಿಗೆಯ ಪ್ಲಗ್ ಕಿತ್ತು ಹಾಕಿದ. ಕಾಮಾಕ್ಷಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ನಾಲ್ಕು ನಿಮಿಷದಲ್ಲಿ ಇಂಟರ್ನೆಟ್ ಬಂತು. ಅಶ್ವಥ್ ಮಾಕುಟ್ಟಕ್ಕೆ ಹೋಗಿಬರಲು ನಾಣಯ್ಯ ಹೂಂ ಎಂದರು.

ಭಾನುವಾರ ಎರಡು ಸಲ ಕರೆಂಟ್ ಹೋಯಿತು. ಎರಡು ಸಲವೂ ಆಕೆ ತಾರೀಕು ಹಾಕಿದಳು. ಲಾರಿಗಳು ಹೋದವು.

ಸೋಮವಾರ ಅಶ್ವಥ್ ಬರುವ ಹೊತ್ತಿಗೆ ಕಂಪನಿಯ ಮೇಲ್ ಬಂದಿತ್ತು. ಗ್ರಾಹಕರ ಸಿಬ್ಬಂದಿಯೇ ದಾರಿ ಕಂಡುಕೊಂಡಿರುವುದಾಗಿ ನಾಣಯ್ಯನವರು ಹೆಮ್ಮೆಯಿಂದ ತಿಳಿಸಿದ್ದರಿಂದ, ದೂರು ಬಗೆಹರಿದಿದೆ ಎಂದು ಮುಗಿಸಿದ್ದರು. ತಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಎಂದೂ ಕೇಳಿದ್ದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅಶ್ವಥ್ ಮೇಲ್ ಓದಲೇ ಇಲ್ಲ.

"ನಿನ್ನೆ ಒದ್ದೆಯಾಗಿ ಬಾಗ್ಲಲ್ಲಿ ನಿಂತಿದ್ದೆ ಕಣೋ," ಎಂದ. "ಮಗಳು ಓಡಿ ಬರ್ಲಿಲ್ಲ. ಮೊದ್ಲು ನನ್ನ ನೋಡಿದ್ಲು, ಆಮೇಲೆ ಹೊರಗೆ ಸುರೀತಿದ್ದ ಮಳೆ ನೋಡಿದ್ಲು. 'ಅಪ್ಪಾ, ಮಳೆಗಾಲ ಮುಗೀತಾ?' ಅಂದ್ಲು."