ನೀರಿನ ಕೋಣೆಗೆ ತಿರುಗಿದವರು

೨೦೨೩ರಲ್ಲಿ ನಾನು ಹೊಸಪೇಟೆಯ ಒಂದು ಸಣ್ಣ ವಿಡಿಯೊ ಗೇಮ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದೆ. ಬಿಡುಗಡೆಗೆ ಮೊದಲು ಗೇಮನ್ನು ಹೊರಗಿನವರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ಪಕ್ಕದಲ್ಲಿ ಕುಳಿತು ನೋಡುವುದು ಟೆಸ್ಟರ್ ಕೆಲಸ. ಆಡುವವರಿಗೆ ದಾರಿ ಹೇಳುವಂತಿಲ್ಲ, ಮಧ್ಯೆ ಮಾತಾಡಿಸುವ ರೂಢಿಯೂ ಇಲ್ಲ.

ಆ ವರ್ಷದ ಗೇಮ್ ಕಟ್ಟಿದವನು ಕಡ್ಡಿರಾಂಪುರದ ವಿರುಪಾಕ್ಷಿ. ನನಗಿಂತ ಚಿಕ್ಕವನು, ಅಕ್ಕ ಎನ್ನುತ್ತಿದ್ದ. ಎಲ್ಲರೂ ಬಿಟ್ಟುಹೋದ ಅಂತರಿಕ್ಷ ನೌಕೆಯಲ್ಲಿ ಆಟಗಾರ ಒಬ್ಬನೇ ಉಳಿದಿರುತ್ತಾನೆ. ಬೆನ್ನಿಗೆ ಹನ್ನೊಂದು ನಿಮಿಷದ ಆಕ್ಸಿಜನ್ ಸಿಲಿಂಡರ್. ಅದು ಮುಗಿಯುವುದರೊಳಗೆ ಅಡುಗೆ ಕೋಣೆ ಸೇರಿದರೆ ಇನ್ನೊಂದು ಸಿಗುತ್ತದೆ. ದಾರಿಯಲ್ಲಿ ನೌಕೆಯ ಚಾಲಕನ ಹೆಣವಿದೆ. ದಾಟಿ ಹೋಗಬಹುದು. ಇಲ್ಲವೇ ಗಿಡ ಬೆಳೆಸುವ ಕೋಣೆಗೆ ಹೊತ್ತೊಯ್ದು ಮೂರು ಹಿಡಿ ಮಣ್ಣು ಹಾಕಬಹುದು. ಹಾಕಿದ್ದಕ್ಕೆ ಪಾಯಿಂಟ್ ಇಲ್ಲ.

ಈ ದೃಶ್ಯ ಅವನಿಗೆ ಏಕೆ ಬೇಕಿತ್ತೆಂದು ನನಗೆ ಗೊತ್ತಿತ್ತು. ಅವನ ಎರಡೂ ಕಿಡ್ನಿ ಕೆಟ್ಟಿದ್ದವು. ಅಪ್ಪ ತೀರಿಕೊಂಡ ದಿನ ಅವನು ಡಯಾಲಿಸಿಸ್‌ಗೆ ಮಲಗಿದ್ದ. ಊರು ಸೇರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಹಣ ಹಾಕಿದ ಬೆಂಗಳೂರಿನವರು ಮಾತ್ರ, ಪರೀಕ್ಷೆಯಲ್ಲಿ ಜನ ಅಲ್ಲಿ ಸೋತರೆ ದೃಶ್ಯ ತೆಗೆಯಬೇಕು ಎಂದಿದ್ದರು.

ಹಂಪಿ, ಸಂಡೂರು, ಕಂಪ್ಲಿಯಿಂದ ಎಂಟು ಜನ ಬಂದರು. ಪರೀಕ್ಷೆ ಎರಡು ವಾರ ನಡೆಯಿತು. ಆರು ಜನ ಮಣ್ಣು ಹಾಕಿದರು, ಆರೂ ಜನ ಸತ್ತರು. ಅಡುಗೆ ಕೋಣೆ ಬಲಕ್ಕಿದ್ದರೂ ಎಡಕ್ಕೆ ತಿರುಗಿ, ನೀರಿನ ಕೋಣೆ ಹೊಕ್ಕು, ಅಲ್ಲಿ ಆಕ್ಸಿಜನ್ ಮುಗಿಸಿಕೊಂಡರು. ದಾರಿ ತಪ್ಪುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಬಂದ ಹಂಪಿಯ ಗೈಡ್ ಮಾರೆಪ್ಪ ಅವರನ್ನು, ಅಡುಗೆ ಕೋಣೆಯ ಬಾಗಿಲ ಮೇಲಿನ ಬೋರ್ಡು ಕಾಣಲಿಲ್ಲವೇ ಎಂದು ಕೇಳಿಯೇಬಿಟ್ಟೆ.

“ಕಾಣತೈತ್ರಿ ಮೇಡಂ. ಮಣ್ಣು ಮಾಡಿ ಬಂದು ಸೀದಾ ಅಡಿಗಿ ಮನಿಗೆ ನುಗ್ಗಾಕ ಬರತೈತೇನ್ರಿ? ಕೈಕಾಲರ ತೊಳ್ಕೋಬ್ಯಾಡ?”

ಅಷ್ಟರಲ್ಲಿ ವಿರುಪಾಕ್ಷಿ ಮತ್ತೆ ಆಸ್ಪತ್ರೆ ಸೇರಿದ್ದ. ಫೋನಿನಲ್ಲಿ ಹೇಳಿದರೆ ಕೆಮ್ಮು ಬರುವ ತನಕ ನಕ್ಕ.

“ಇದೇ ಊರಾಗ ಹುಟ್ಟಿ ನನಗ ಹೊಳೀಲಿಲ್ಲ ನೋಡಕ್ಕ. ನಮ್ಮ ಮಂದಿ ಚಂದ್ರನ ಮ್ಯಾಲೆ ಹೋದ್ರೂ ಜಳಕ ಬಿಡಂಗಿಲ್ಲ.”

“ನಗಬ್ಯಾಡಲೇ. ಬೆಂಗಳೂರಿನವ್ರು ತೆಗೀರಿ ಅಂತಾರ.”

“ಬಿಡ್ತೀನೇನು? ನೀರಿನ ಕೋಣ್ಯಾಗ ಒಂದು ಸಿಲಿಂಡರ್ ಇಟ್ರ ಮುಗೀತು. ಸೋಮವಾರ ಬಂದು ಇಡ್ತೀನಿ.”

ಬೆಂಗಳೂರಿನವರು ಮಂಗಳವಾರದವರೆಗೆ ಕಾಯಲು ಒಪ್ಪಿದರು. ಭಾನುವಾರ ಬೆಳಿಗ್ಗೆ ವಿರುಪಾಕ್ಷಿ ತೀರಿಕೊಂಡ.

ಸೋಮವಾರ ಆಫೀಸಿನವರೆಲ್ಲ ಕಡ್ಡಿರಾಂಪುರಕ್ಕೆ ಹೋದೆವು. ಹಣೆಗೆ ವಿಭೂತಿ ಹಚ್ಚಿ ಅವನನ್ನು ಕೂರಿಸಿದ್ದರು. ಅವನ ಹೊಲದಲ್ಲೇ ಗುಣಿ. ಮೂರು ಹಿಡಿ ಮಣ್ಣು ಹಾಕಿ ಪಂಪ್‌ಸೆಟ್ ಕಡೆ ನಡೆದೆವು. ಒಬ್ಬರಾದ ಮೇಲೆ ಒಬ್ಬರು ಕೈಕಾಲು ತೊಳೆದರು, ಯಾರೂ ಅವಸರ ಮಾಡಲಿಲ್ಲ. ಅವನ ತಾಯಿ ನನ್ನ ಕೈ ಹಿಡಿದು ಕೇಳಿದರು.

“ಆಫೀಸಿನ ಕೆಲಸ ಅರ್ಧಕ್ಕ ಬಿಟ್ಟಾನೇನವ್ವ?”

“ಇಲ್ಲವ್ವ, ಮುಗಿಸ್ಯಾನ” ಎಂದೆ.

ಮಂಗಳವಾರ ಉಳಿದ ಪ್ರೋಗ್ರಾಮರುಗಳು ಆ ಸಿಲಿಂಡರ್ ಇಡಲು ಸಂಜೆಯವರೆಗೂ ಪ್ರಯತ್ನಿಸಿದರು. ಅವನು ಕೋಣೆಗಳನ್ನು ಒಂದಕ್ಕೊಂದು ಹೆಣೆದ ಬಗೆ ಯಾರ ತಲೆಗೂ ಹತ್ತಲಿಲ್ಲ. ಇಟ್ಟಾಗಲೆಲ್ಲ ಗೇಮ್ ನೀರಿನ ಕೋಣೆಯ ಬಾಗಿಲಲ್ಲೇ ನಿಂತುಬಿಡುತ್ತಿತ್ತು. ಮಣ್ಣು ಹಾಕುವ ದೃಶ್ಯ ತೆಗೆದರು.

ಹೊಸ ಟೆಸ್ಟರುಗಳಿಗೆ ನಾನು ಮೊದಲು ಕಲಿಸುವುದು ಇದನ್ನೇ. ಆಟಗಾರ ಎಲ್ಲಿ ಸತ್ತನೆಂದು ಗುರುತಿಸಿಕೊಂಡರೆ ಸಾಲದು, ಎಲ್ಲಿಗೆ ಹೊರಟಿದ್ದನೆಂದು ಆಟ ಮುಗಿದ ಕೂಡಲೇ ಕೇಳಬೇಕು. ನಾನು ಮೊದಲನೆಯವರನ್ನೇ ಕೇಳಬೇಕಿತ್ತು, ಆಗಿನ್ನೂ ವಿರುಪಾಕ್ಷಿ ದಿನಾ ಆಫೀಸಿಗೆ ಬರುತ್ತಿದ್ದ.

ಗೇಮ್ ಚೆನ್ನಾಗಿಯೇ ನಡೆಯಿತು. ಚಾಲಕನ ಹೆಣ ಈಗಲೂ ದಾರಿಯಲ್ಲಿದೆ. ಆಟಗಾರರು ಅದನ್ನು ದಾಟಿ ಬಲಕ್ಕೆ ತಿರುಗುತ್ತಾರೆ. ಅಲ್ಲಿ ಈಗ ಯಾರೂ ಸಾಯುವುದಿಲ್ಲ.