ಸೋಮವಾರ ಹಾಕಿದ ಸಿ.ಡಿ.

ಸಿಂಧನೂರಿನ ನಮ್ಮ ಕಂಪ್ಯೂಟರ್ ಕ್ಲಾಸಿಗೆ ಸೋಮವಾರ ರಜೆ. ಭಾನುವಾರವಲ್ಲ, ಸೋಮವಾರ. ಕ್ಲಾಸು ನಡೆಸುತ್ತಿದ್ದ ಮಾಸ್ತರರು ಒಕ್ಕಲುತನದ ಮನೆಯವರು, ಒಂದು ದಿನವೂ ವಿಭೂತಿ ತಪ್ಪಿಸದವರು. ಅವರ ಮನೆಯಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಕ್ಲಾಸಿನಲ್ಲಿದ್ದ ಒಂದೇ ಕಂಪ್ಯೂಟರಿಗೂ ಅದೇ ನಿಯಮ ಹಾಕಿದ್ದರು.

ಅದು ತೊಂಬತ್ತರ ದಶಕದ ಕೊನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನ ತರುತ್ತಿದ್ದ ನಾನು ಸಂಜೆ ಅಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದೆ.

"ಎತ್ತಿಗಾದ್ರ ಹೆಗಲ ನೋಯ್ತೈತ್ರಿ. ಇದಕ್ಕ ಹೆಗಲ ಎಲ್ಲೈತಿ?" ಎಂದು ಒಮ್ಮೆ ಕೇಳಿದ್ದೆ.

"ನಿನಗ ಕಾಣಂಗಿಲ್ಲ ಬಿಡಲೇ," ಎಂದಿದ್ದರು. ಇಂಥ ಉತ್ತರಕ್ಕೆ ಮರುವಾದ ಹೂಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುತ್ತಿದ್ದ ಒಬ್ಬಾಕೆಯನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಒಂದು ವಾರ, ಬುಧವಾರ, ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಆಪರೇಟರ್ ಕೆಲಸಕ್ಕೆ ಆಕೆಯ ಪರೀಕ್ಷೆ ಇತ್ತು. ಕಂಪ್ಯೂಟರ್ ಮುಂದೆ ಕೂತು ಪತ್ರ, ಪಟ್ಟಿ ಮಾಡಿ ತೋರಿಸಬೇಕು. ಮನೆಯವರು ಕೊಟ್ಟ ಅವಕಾಶ ಇದೊಂದೇ; ಕೆಲಸ ಸಿಗದಿದ್ದರೆ ಕ್ಲಾಸು ಬಿಟ್ಟು ಕಿರಾಣಿ ಅಂಗಡಿಯಲ್ಲಿ ಕೂಡಬೇಕು. ಅಷ್ಟರಲ್ಲಿ ಬಸ್ಸಿನಲ್ಲಿ ಯಾರೋ ಅಂದಿದ್ದರಂತೆ: ಪರೀಕ್ಷೆ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿಯಲ್ಲಿ. ಆ ಆವೃತ್ತಿ ಇನ್ನೂ ಪೇಟೆಗೇ ಬಂದಿರಲಿಲ್ಲ.

ನನ್ನ ಹತ್ತಿರ ಉಪಾಯವಿತ್ತು. ಬಿಡುಗಡೆಗೆ ಮೊದಲೇ ಅದನ್ನು ತಯಾರಿಸುವವರು ಅದರ ಕೆಲವು ಪ್ಯಾಕೇಜುಗಳನ್ನು, ಅಂದರೆ ಬರೆಯಲು, ಪಟ್ಟಿ ಮಾಡಲು ಬೇಕಾದ ಹೊಸ ತಂತ್ರಾಂಶಗಳನ್ನು, ನೋಡುವವರು ನೋಡಲಿ ಎಂದು ಹೊರಗೆ ಬಿಟ್ಟಿದ್ದರು. ಹೈದರಾಬಾದಿನ ಗೆಳೆಯ ಅವನ್ನು ಸಿ.ಡಿ.ಯಲ್ಲಿ ಕಳಿಸಿದ್ದ. ದಿನಬಳಕೆಯ ಯಂತ್ರಕ್ಕೆ ಹಾಕಬೇಡಿ ಎಂಬ ಎಚ್ಚರಿಕೆ ಅದರೊಳಗೇ ಇತ್ತು. ಎಚ್ಚರಿಕೆ ಎಂದರೆ ನಿಷೇಧವಲ್ಲ ಎಂದು ನಾನು ಅರ್ಥ ಮಾಡಿಕೊಂಡೆ.

ಸೋಮವಾರ ಮಾಸ್ತರರು ಸಂತೆಕಲ್ಲೂರಿಗೆ ಹೋಗಿದ್ದರು. ಬೀಗದ ಕೈ ನನ್ನಲ್ಲಿತ್ತು. ನಾನು ಬರಹೇಳಿದ್ದ ಅಕ್ಕ ಬಾಗಿಲಲ್ಲೇ ನಿಂತಳು.

"ಬ್ಯಾಡ ತಮ್ಮಾ. ಇದ್ದದ್ದೂ ಕೆಟ್ಟೀತು."

"ಭತ್ತದ ಚೀಲ ಬರೂಕಿಂತ ಮೊದ್ಲ ನಮೂನಾ ನೋಡಂಗಿಲ್ಲೇನು? ಇದೂ ನಮೂನಾನ."

"ನಮೂನಾ ಅಂಗೈಯಾಗ ಹಿಡ್ಕೊಂಡು ನೋಡ್ತಾರ. ಮನ್ಯಾಗಿನ ಅಕ್ಕಿ ಡಬ್ಬಿಗೆ ಸುರುವಂಗಿಲ್ಲ."

ಒಳ್ಳೆಯ ಮಾತು. ಆದರೂ ಗೆದ್ದವನು ನಾನು, ಏಕೆಂದರೆ ಆಕೆಗೆ ಬುಧವಾರದ ಭಯವಿತ್ತು.

ಬರೆಯುವ ಪ್ಯಾಕೇಜು ಹಾಕಲು ಹೋದರೆ ಅದು ಇನ್ನೊಂದನ್ನು ಕೇಳಿತು. ಅದನ್ನು ಹಾಕಿದೆ, ಅದು ಮತ್ತೊಂದನ್ನು ಕೇಳಿತು. ಕೊನೆಗೆ ಹೊಸದು ತೆರೆಯಿತು. ಮೆನುಗಳೆಲ್ಲ ಜಾಗ ಬದಲಿಸಿದ್ದವು. ಅಕ್ಕ ಮಧ್ಯಾಹ್ನವೆಲ್ಲ ಕೂತು ಹೊಸ ಜಾಗಗಳನ್ನು ಕೈಗೆ ರೂಢಿ ಮಾಡಿಕೊಂಡಳು. ಆಮೇಲೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಅಲುಗಲಿಲ್ಲ. ಹಳೆಯದನ್ನು ತೆರೆಯಲು ಹೋದರೆ ಅದೂ ಏಳಲಿಲ್ಲ. ಬಂದ್ ಮಾಡಿ ಮತ್ತೆ ಹಚ್ಚಿದಾಗ ಪರದೆ ಕಪ್ಪಾಗಿ, ನನಗೆ ತಿಳಿಯದ ಸಾಲುಗಳು ಬಂದು ನಿಂತವು. ಯಾವುದನ್ನು ತೆಗೆದರೆ ಯಾವುದು ಸರಿಹೋದೀತು? ಒಂದೂ ಹೊಳೆಯಲಿಲ್ಲ. ಅಕ್ಕ ಸಿ.ಡಿ. ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. "ಇಲ್ಲಿದ್ರ ನೀ ಮತ್ತ ಹಾಕ್ತಿ."

ಮಂಗಳವಾರ ಮಾಸ್ತರರು ಬಂದು ಪರದೆ ನೋಡಿದರು.

"ನಿನ್ನೆ ಸೋಮವಾರ ಇದನ್ನ ಹಚ್ಚಿದ್ದಿಯೇನು?"

ಬರೀ ಹೌದೆಂದಿದ್ದರೆ ನನ್ನ ತಪ್ಪೆಲ್ಲ ಸೋಮವಾರದ ಮೇಲೆ ಹೋಗುತ್ತಿತ್ತು. ಅದನ್ನು ಮಾತ್ರ ಒಪ್ಪಲಾರೆ. "ಹಚ್ಚಿದೆ ಸರ್. ಆದ್ರ ಕೆಟ್ಟಿದ್ದು ಸೋಮವಾರಕ್ಕಲ್ರಿ, ನಾ ಹಾಕಿದ ಪ್ಯಾಕೇಜಿಗೆ."

"ಸೋಮವಾರ ಬಿಟ್ಟಿದ್ರ ಅದನ್ನ ಯಾವಾಗ ಹಾಕ್ತಿದ್ದೆಲೇ?"

ಮಂಗಳವಾರ ಅವರೇ ಇರುತ್ತಿದ್ದರು, ಹಾಕಲು ಬಿಡುತ್ತಿರಲಿಲ್ಲ. ಹಾಗಾದರೆ ಕಾರಣ ಸೋಮವಾರವೇ? ಅಲ್ಲ. ಅಲ್ಲವೆಂದು ಸಾಧಿಸುವುದು ಹೇಗೆ? ಅವರು ಎಲ್ಲವನ್ನೂ ಅಳಿಸಿ ಹಳೆಯ ಸಿಸ್ಟಂ ಮತ್ತೆ ಹಾಕುವಷ್ಟರಲ್ಲಿ ಅಕ್ಕನ ಬಸ್ಸಿನ ಹೊತ್ತಾಗಿತ್ತು. ಅಂದು ಆಕೆ ಕೀಲಿಮಣೆ ಮುಟ್ಟಲೇ ಇಲ್ಲ.

ಬುಧವಾರ ನಾನೂ ಲಿಂಗಸುಗೂರಿಗೆ ಹೋದೆ. ಒಂದು ತಾಸಿನ ಮೇಲೆ ಅಕ್ಕ ಹೊರಗೆ ಬಂದಳು.

"ಹಳೇದ ಇತ್ತು," ಎಂದಳು. "ಕೈ ಮಾತ್ರ ನಿನ್ನ ಹೊಸ ಮೆನು ಹುಡಿಕ್ಯಾಡಿತು. ಪತ್ರ ಆತು, ಪಟ್ಟಿ ಅರ್ಧಕ್ಕ ನಿಂತಿತು."

"ಮತ್ತ ಬಸ್ಸಿನಾಗ ಹಂಗ ಅಂದಿದ್ರಲ್ಲ?"

"ಅಂದಿದ್ರು. ನಾ ಹೆದರಿ ನಂಬಿದೆ. ನೀ ಯಾಕ ನಂಬಿದಿ? ದೇವರಿಗೇ ಸಾಕ್ಷಿ ಕೇಳಾಂವ ನೀ!"

ಸೋಮವಾರವನ್ನು ಅಷ್ಟು ಜಗ್ಗಾಡಿದವನು ಆ ಸುದ್ದಿಯನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಸಿ.ಡಿ. ನನ್ನ ಹತ್ತಿರ ಇತ್ತು, ಹಾಕುವ ಆಸೆಯಿತ್ತು. ಸುದ್ದಿ ನಿಜವಾಗಿರುವುದು ನನಗೆ ಬೇಕಾಗಿತ್ತೇನೋ. ಈಗಲೂ ಖಚಿತವಾಗಿ ಹೇಳಲಾರೆ.

ಆ ಕೆಲಸ ಅಕ್ಕನಿಗೆ ಸಿಗಲಿಲ್ಲ. ಅಂದೇ ಆಕೆಗೆ ಅದು ಗೊತ್ತಿದ್ದಂತಿತ್ತು. ವಾಪಸು ಬರುವಾಗ ಮಸ್ಕಿಯಲ್ಲಿ ಇಳಿದವಳು ಕಿಟಕಿಯ ಹತ್ತಿರ ಬಂದು, ಚೀಲದಿಂದ ಸಿ.ಡಿ. ತೆಗೆದು ನನ್ನ ಕೈಗೆ ಕೊಟ್ಟಳು.

"ತಗೋ. ನಮೂನಾ ನೋಡಿದ್ದಾತು."

ಬಸ್ಸು ಹೊರಟಿತು.