ಎಂಜಿನ್ ಇಳಿಸುವ ಮುನ್ನ ಕಿವಿಗೊಡುವ ಅಕ್ಕ

ಬೆಳಗಿನ ಐದೂವರೆ. ಶೆಡ್ಡಿನ ತಗಡಿನ ಬಾಗಿಲು ಅರ್ಧ ಮಾತ್ರ ಮೇಲೇರಿದೆ. ಒಳಗೆ ನಿಂತಿರುವ ಮಾಸಲು ನೀಲಿ ಕಾರಿನ ಬಾನೆಟ್ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಅಂಗೈ ಇಟ್ಟು, ಸ್ಟೀರಿಂಗ್ ಮುಂದೆ ಕೂತ ಕಾರಿನ ಒಡತಿಗೆ, "ತಣ್ಣಗಿದೆ, ಈಗ ಸ್ಟಾರ್ಟ್ ಮಾಡಿ" ಎನ್ನುತ್ತಾರೆ. ಕೈಯಲ್ಲೊಂದು ಮೊಳದುದ್ದದ ಸ್ಕ್ರೂ ಡ್ರೈವರ್. ಅದರ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಬಲಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ.

ಎರಡನೇ ಯತ್ನಕ್ಕೆ ಕಾರು ಸ್ಟಾರ್ಟ್ ಆಗುತ್ತದೆ. ಅರ್ಧ ನಿಮಿಷ ಅವರು ಅಲುಗುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನೂ ಉಸಿರು ಬಿಗಿಹಿಡಿದು ನಿಂತಿದ್ದೇನೆ, ಯಾಕೆಂದು ಗೊತ್ತಿಲ್ಲದಿದ್ದರೂ.

"ದಿನದ ಮೊದಲ್ನೇ ಸದ್ದು ಒಂದೇ ಸಲ ಸಿಗೋದು. ಅದನ್ನ ಕಳ್ಕೊಂಡ್ರೆ ನಾಳೆವರೆಗೂ ಕಾಯ್ಬೇಕು" ಎನ್ನುತ್ತಾರೆ ಆಮೇಲೆ. ಅದಕ್ಕೇ ಅವರಲ್ಲಿಗೆ ಬರುವ ಹಳೆಯ ಕಾರುಗಳು ಹಿಂದಿನ ಸಂಜೆಯೇ ಬಂದು ಶೆಡ್ಡಿನಲ್ಲಿ ಮಲಗಬೇಕು.

ಈ ಬೀದಿಯವರಿಗೆ ಅವರು ಶಬ್ದದಕ್ಕ. ಇಪ್ಪತ್ತೇಳು ವರ್ಷಗಳಿಂದ ಮೆಕ್ಯಾನಿಕ್. ದಿನಕ್ಕೆ ನಾಲ್ಕೈದು ಕಾರುಗಳಿಗಿಂತ ಹೆಚ್ಚು ಮುಟ್ಟುವುದಿಲ್ಲ. ಬರುವ ಕಾರುಗಳೆಲ್ಲ ಬೇರೆ ಮೂರ್ನಾಲ್ಕು ಕಡೆ ಸುತ್ತಿ, ಎಲ್ಲರೂ ಕೈಚೆಲ್ಲಿದ ಮೇಲೆ ಬಂದವು. "ನಾನೇನೂ ಮೊದಲ್ನೇ ಡಾಕ್ಟರಲ್ಲ, ಕೊನೇ ಡಾಕ್ಟರು" ಎಂದು ನಗುತ್ತಾರೆ.

ಇಷ್ಟು ಸೂಕ್ಷ್ಮವಾಗಿ ಆಲಿಸುವ ಅವರ ಬಲಗಿವಿ ಕೇಳಿಸುವುದಿಲ್ಲ ಎಂದು ತಿಳಿದಾಗ ನಾನು ನಂಬಲಿಲ್ಲ. ಆರನೇ ವಯಸ್ಸಿನಲ್ಲಿ ಕಿವಿ ಸೋರಲು ಶುರುವಾಗಿ ತಮಟೆಯೇ ಹರಿದುಹೋಯಿತಂತೆ. ಶಾಲೆಯಲ್ಲಿ 'ಕೆಪ್ಪಿ' ಎಂಬ ಹೆಸರು ಅಂಟಿಕೊಂಡಿತು. ಓದು ತಲೆಗೆ ಹತ್ತದೆಂದು ತಿಳಿದ ಅಮ್ಮ ಹದಿನೇಳಕ್ಕೆ ತನ್ನ ತಮ್ಮನ ಗ್ಯಾರೇಜಿಗೆ ಕಳಿಸಿದರು. ಅಲ್ಲಿ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವ ಕೆಲಸ. ಒಂದು ದಿನ ಸೋದರಮಾವ ಸ್ಕ್ರೂ ಡ್ರೈವರಿನ ಹಿಡಿಯನ್ನು ತಮಾಷೆಗೆಂದು ಆಕೆಯ ಕೆಟ್ಟ ಕಿವಿಯ ಹಿಂದೆ ಇಟ್ಟರು.

"ಎಂಜಿನ್ನೇ ತಲೆಯೊಳಗೆ ಬಂದು ಕೂತ್ಕೊಂಡ ಹಾಗಾಯ್ತು. ಹನ್ನೊಂದು ವರ್ಷ ಆದ್ಮೇಲೆ ಆ ಪಕ್ಕದಿಂದ ಏನೋ ಒಂದು ಕೇಳಿಸ್ತು. ಅಳು ಬಂತು. ಮಾವ ಗಾಬರಿಯಾಗಿ ಎಂಜಿನ್ ಆಫ್ ಮಾಡಿಬಿಟ್ಟ."

ಕಿವಿಯ ದಾರಿ ಮುಚ್ಚಿದ್ದರೂ ಮೂಳೆಯ ದಾರಿ ತೆರೆದೇ ಇತ್ತು. ಹೊರಗಿನ ಗದ್ದಲವೆಲ್ಲ ಆ ಬದಿಯಲ್ಲಿ ನಿಂತುಹೋಗುವುದರಿಂದ ಎಂಜಿನ್ನಿನ ಸದ್ದು ಇನ್ನೂ ಸ್ಪಷ್ಟ. ಮಾವ ತೀರಿಕೊಂಡ ಮೇಲೆ ಗ್ಯಾರೇಜು ಆಕೆಯ ಕೈಗೆ ಬಂತು. ಬಂದವರು ಬಾಗಿಲಲ್ಲೇ ನಿಂತು "ಮೇಸ್ತ್ರಿ ಎಲ್ಲಮ್ಮಾ?" ಎಂದು ಕೇಳಿ, ಆಕೆಯೇ ಎಂದು ತಿಳಿದು ಮೂಗು ಮುರಿದು ಹೋಗುತ್ತಿದ್ದರು. ಆರು ತಿಂಗಳು ಪಂಕ್ಚರ್ ಬಿಟ್ಟು ಬೇರೆ ಕೆಲಸ ಸಿಗಲಿಲ್ಲ. ದರ್ಜಿಯಾದ ಗಂಡ ತನ್ನ ಗಿರಾಕಿಗಳಿಗೆ ಅಳತೆ ತೆಗೆಯುತ್ತಲೇ, "ಕಾರೇನಾದ್ರೂ ಸದ್ದು ಮಾಡ್ತಿದ್ಯಾ?" ಎಂದು ವಿಚಾರಿಸುತ್ತಿದ್ದುದು ಈಗಲೂ ಮನೆಯಲ್ಲಿ ನಗೆಯ ಸರಕು.

ನೀಲಿ ಕಾರು ಒಬ್ಬ ಹೆರಿಗೆ ನರ್ಸಿನದು. ಅಪ್ಪ ಓಡಿಸುತ್ತಿದ್ದ, ಮೂವತ್ತೊಂದು ವರ್ಷ ಹಳೆಯ ಗಾಡಿ. ಎರಡು ತಿಂಗಳಿಂದ ದಿಬ್ಬ ಹತ್ತುವಾಗ ಎಂಜಿನ್ ಬಡಿಯುತ್ತದೆ. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹೀಗಾಗಿ ಹೆರಿಗೆಯ ಮನೆಗಳ ಮುಂದೆ ಎಂಜಿನ್ ಆಫ್ ಮಾಡದೆಯೇ ಒಳಗೆ ಹೋಗುತ್ತಾರೆ. "ಒಳಗೆ ಮಗು, ಹೊರಗೆ ಕಾರು, ಎರಡೂ ಒಟ್ಟಿಗೆ ಅರಚ್ತಾ ಇರ್ತವೆ" ಎನ್ನುತ್ತಾರೆ. ಆದರೆ ಹೋದ ವಾರ ಪೆಟ್ರೋಲ್ ಮುಗಿದು ಕಾರು ನಿಂತಾಗ ನಗುವ ಸ್ಥಿತಿ ಇರಲಿಲ್ಲ. ರಕ್ತಸ್ರಾವ ನಿಲ್ಲದ ಬಾಣಂತಿಯನ್ನು ಪಕ್ಕದ ಮನೆಯವರ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಕೆ ಉಳಿದರು.

ಒಂದು ಕಡೆ ಬ್ಯಾಟರಿ ಬದಲಿಸಿದರು. ಇನ್ನೊಂದು ಕಡೆ, ಸ್ಟಾರ್ಟ್ ಮಾಡುವಾಗ ಎಂಜಿನ್ ಸುತ್ತಿಸುವ ಸೆಲ್ಫ್ ಮೋಟರ್. ಮೂರನೆಯವರು, "ಬೇರಿಂಗ್ ಹೋಗಿದೆ, ಎಂಜಿನ್ ಇಳಿಸ್ಬೇಕು. ಇಲ್ಲಾಂದ್ರೆ ಗುಜರಿಗೆ ಹಾಕಿ" ಎಂದರು.

ಶಬ್ದದಕ್ಕ ಸ್ಟೂಲು ಎಳೆದುಕೊಂಡು ಕೂತು ಕೇಳುತ್ತಾರೆ: "ಬಡಿಯೋದು ಯಾವಾಗ ಶುರುವಾಯ್ತು?"

"ಎರಡು ತಿಂಗಳಾಯ್ತಕ್ಕ."

"ಸ್ಟಾರ್ಟ್ ಆಗ್ದೇ ಇರೋದು?"

ನರ್ಸ್ ಯೋಚಿಸುತ್ತಾರೆ. "ಅದೂ... ಅದೇ ವಾರ ಅನ್ಸುತ್ತೆ."

"ಅದಕ್ಕೆ ಮುಂಚೆ ಯಾರಾದ್ರೂ ಬಾನೆಟ್ ತೆಗೆದಿದ್ರಾ?"

"ನಮ್ಮ ಭಾವ ಪ್ಲಗ್ಗು, ಪಾಯಿಂಟು ಕ್ಲೀನ್ ಮಾಡಿಕೊಟ್ಟಿದ್ರು. ಪಾಪ, ಒಳ್ಳೇದಾಗ್ಲಿ ಅಂತಾನೇ."

"ಒಳ್ಳೇದಾಗ್ಲಿ ಅಂತಾನೇ ಎಲ್ಲಾ ಮಾಡೋದು" ಎನ್ನುತ್ತ ಅಕ್ಕ ಎದ್ದರು. ನನ್ನತ್ತ ತಿರುಗಿ, "ಬೇರಿಂಗ್ ಸವೆದಿದ್ರೆ ತಣ್ಣಗಿರುವಾಗ, ಆಯಿಲ್ ಮೇಲೇರೋಕ್ಕೆ ಮುಂಚೆ ಜೋರಾಗಿ ಬಡೀಬೇಕಿತ್ತು. ಇದು ಬಡೀಲಿಲ್ಲ" ಎಂದರು.

ಮೂವರೂ ಕಾರು ಹತ್ತಿ ಬೀದಿಯ ಕೊನೆಯ ದಿಬ್ಬಕ್ಕೆ ಹೊರಟೆವು. ಅರ್ಧ ಏರಿದಾಗ ಶುರುವಾಯಿತು, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಕಟಕಟ. ಶೆಡ್ಡಿಗೆ ಮರಳಿ ಎಂಜಿನ್ ಆಫ್ ಮಾಡಿದೆವು. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಸೆಲ್ಫ್ ಒಮ್ಮೆ ಒದರಿ, ಯಾರೋ ಒಳಗಿನಿಂದ ತಡೆದ ಹಾಗೆ ನಿಂತಿತು. ಅಕ್ಕ ಕಿಡಿಯ ಮುಖ್ಯ ವೈರನ್ನು ಕಿತ್ತು ಪಕ್ಕಕ್ಕೆ ಕಟ್ಟಿ, "ಈಗ ತಿರುಗ್ಸಿ" ಎಂದರು. ಅದೇ ಬ್ಯಾಟರಿ, ಅದೇ ಸೆಲ್ಫ್. ಎಂಜಿನ್ ಗಿರಗಿರನೆ ಸುತ್ತಿತು. ನರ್ಸ್ ಬೆರಗಾಗಿ ಕಿಟಕಿಯಿಂದ ತಲೆ ಹೊರಹಾಕಿದರು.

"ಕಿಡಿ ಇಲ್ದಿದ್ರೆ ಸಲೀಸಾಗಿ ಸುತ್ತುತ್ತೆ, ಇದ್ರೆ ತಡೆಯುತ್ತೆ. ಅಂದ್ರೆ ಕಿಡಿ ಹೊತ್ತಿಗೆ ಮುಂಚೇನೇ ಬರ್ತಿದೆ. ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗ್ಲೇ ಪೆಟ್ರೋಲ್ ಹೊತ್ಕೊಂಡು ಅದನ್ನ ಕೆಳಕ್ಕೆ ತಳ್ಳುತ್ತೆ. ದಿಬ್ಬದಲ್ಲಿ ಬಡಿಯೋದೂ ಅದಕ್ಕೇ, ಬಿಸೀಲಿ ಸ್ಟಾರ್ಟ್ ಆಗ್ದಿರೋದೂ ಅದಕ್ಕೇ. ಕಾಯಿಲೆ ಎರಡಲ್ಲ, ಒಂದೇ."

ಟಾರ್ಚ್ ಬಿಟ್ಟು ತೋರಿಸಿದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟು ಸಡಿಲ; ಪಾಯಿಂಟು ಇರುವುದು ಅದರೊಳಗೇ, ಕ್ಲೀನ್ ಮಾಡಿದ ಭಾವ ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ. ಇಡೀ ಭಾಗವೇ ಒಂದಿಷ್ಟು ತಿರುಗಿ ಕೂತಿತ್ತು. ಅಕ್ಕ ಗುರುತು ನೋಡಿಕೊಂಡು ಅದನ್ನು ಹಿಂದಕ್ಕೆ ತಿರುಗಿಸಿದ್ದು ಒಂದು ಬೆರಳಿನಗಲವೂ ಇರಲಿಲ್ಲ. ಬೋಲ್ಟು ಬಿಗಿ ಮಾಡಿ ಕೈ ಒರೆಸಿಕೊಂಡರು.

ಇಷ್ಟೊಂದು ಪ್ರಶ್ನೆ ಕೇಳುವುದನ್ನು ಮಾವ ಕಲಿಸಿದರೇ ಎಂದೆ. ಅಲ್ಲ ಎಂದರು. ಶುರುವಿನ ದಿನಗಳಲ್ಲಿ ಒಬ್ಬ ಬಾಡಿಗೆ ಚಾಲಕನ ಕಾರಿನ ಸದ್ದು ಕೇಳಿದ ತಕ್ಷಣ ಬೇರಿಂಗ್ ಎಂದು ತೀರ್ಮಾನಿಸಿ, ಎಂಜಿನ್ ಇಳಿಸಿದ್ದರಂತೆ. ಬೇರಿಂಗ್ ಹೊಸದರಂತಿತ್ತು. ಸಡಿಲವಾಗಿದ್ದುದು ಎಂಜಿನ್ನಿನ ಮುಂದೆ ಬೆಲ್ಟ್ ಸುತ್ತುವ ಪುಲ್ಲಿ. ಹನ್ನೊಂದು ದಿನ ಆ ಮನುಷ್ಯನಿಗೆ ದುಡಿಮೆಯಿಲ್ಲ. "ಅವರ ಮನೆಗೇ ಹೋಗಿ ತಪ್ಪು ನಂದು ಅಂದೆ. ಅವರು ಬೈಯಲೇ ಇಲ್ಲ. ಬೈದಿದ್ರೆ ಮರೆತುಬಿಡ್ತಿದ್ನೋ ಏನೋ. ಅವತ್ತಿಂದ ಮೊದಲು ಮನುಷ್ಯರ ಮಾತು, ಆಮೇಲೆ ಎಂಜಿನ್ ಮಾತು."

ಮತ್ತೆ ದಿಬ್ಬ. ಈ ಸಲ ಕಟಕಟವಿಲ್ಲ. ತುದಿ ತಲುಪುತ್ತಿದ್ದಂತೆ ಅಕ್ಕ, "ಆಫ್ ಮಾಡಿ" ಎಂದರು.

"ಇಲ್ಲೇನಾ? ಅಕ್ಕಾ, ತಳ್ಳೋಕ್ಕೆ ಯಾರೂ ಇಲ್ಲ."

"ನಾವಿಬ್ರು ಇದ್ದೀವಲ್ಲ, ಆಫ್ ಮಾಡಿ."

ಹತ್ತು ನಿಮಿಷ ಕಾದೆವು. ನರ್ಸ್ ಕೀಲಿ ಹಿಡಿದು ಒಮ್ಮೆ ಅಕ್ಕನ ಮುಖ ನೋಡಿ ತಿರುಗಿಸಿದರು. ಮೊದಲ ಯತ್ನಕ್ಕೇ ಎಂಜಿನ್ ಎದ್ದಿತು. ಅವರು ಮತ್ತೆ ಆಫ್ ಮಾಡಿದರು, ಮತ್ತೆ ಸ್ಟಾರ್ಟ್ ಮಾಡಿದರು. ನಾಲ್ಕನೇ ಸಲಕ್ಕೆ ಅಕ್ಕ ಅವರ ಕೈ ಹಿಡಿದು, "ಸಾಕು ಮಾರಾಯ್ತಿ, ಬ್ಯಾಟರಿ ಸತ್ತೀತು" ಎಂದರು. ನರ್ಸ್ ಸ್ಟೀರಿಂಗಿಗೆ ಹಣೆ ಒತ್ತಿ ನಕ್ಕರು. ಕಣ್ಣು ಮಾತ್ರ ಒದ್ದೆ.

ಹೊರಡುವ ಮುನ್ನ ಶಬ್ದದಕ್ಕನನ್ನು ಕೇಳಿದೆ, ಇನ್ನೇನು ಆಗಬೇಕು ನಿಮಗೆ? ಹೊಸ ಯಂತ್ರ, ದೊಡ್ಡ ಶೆಡ್ಡು ಎನ್ನಬಹುದೆಂದುಕೊಂಡಿದ್ದೆ.

"ಒಂದು ಒಳ್ಳೆ ಬೆಂಚು ಹಾಕಿಸ್ಬೇಕು. ಒರಗೋಕ್ಕೆ ಬೆನ್ನು ಇರೋಂಥದ್ದು. ಎಲ್ಲಾ ಕಡೆ ಕಾರಿನವ್ರನ್ನ ಹೊರಗೆ ನಿಲ್ಲಿಸ್ತಾರೆ. ನಂಗೆ ಅವ್ರು ಒಳಗೇ ಬೇಕು, ಇಲ್ಲೇ, ಬಾನೆಟ್ ಪಕ್ಕ. ಅವ್ರು ಆರಾಮಾಗಿ ಕೂತು ಮಾತಾಡಿದ್ರೆ ನನ್ನ ಅರ್ಧ ಕೆಲಸ ಆದ ಹಾಗೇನೇ."